ಸೇಡಂ ರಸ್ತೆಯಲ್ಲಿ ಒಂದು ರೆಫರ್ ಚೀಟಿ

ತೆಂಗಳಿ ಕಡೆಯ ಮುದುಕರೊಬ್ಬರು ಬೆಳಿಗ್ಗೆ ಬಸ್ಸು ಹತ್ತಿದರೆ, ಅವರು ಎಲ್ಲಿಗೆ ಹೊರಟಿದ್ದಾರೆಂದು ಯಾರೂ ಕೇಳಬೇಕಿಲ್ಲ. ಕೈಯಲ್ಲಿರುವ ಕ್ಯಾರಿಬ್ಯಾಗೇ ಹೇಳುತ್ತದೆ. ಅದರ ಬಾಯಿಂದ ಅರ್ಧ ಹೊರಗೆ ಇಣುಕುವ ಎಕ್ಸ್‌ರೇ ಕವರು, ರೇಷನ್ ಕಾರ್ಡು ಮತ್ತು ಆಧಾರಿನ ನಾಲ್ಕು ನಾಲ್ಕು ಝೆರಾಕ್ಸು, ಅರ್ಧ ಮುಗಿದ ಗುಳಿಗೆಯ ಪಟ್ಟಿ, ದಸ್ತಿಯಲ್ಲಿ ಕಟ್ಟಿದ ಎರಡು ದಿನದ ಕಟಕ ರೊಟ್ಟಿ, ಸಣ್ಣ ಡಬ್ಬಿಯಲ್ಲಿ ಶೇಂಗಾ ಹಿಂಡಿ. ಅಂಗಿಯ ಒಳಗಿಸೆಯಲ್ಲಿ, ರೊಕ್ಕದ ಜೊತೆಗೇ ಮಡಚಿಟ್ಟ ಒಂದು ಚೀಟಿ. ‘ಇಲ್ಲಿ ಆಗಂಗಿಲ್ಲ, ಕಲಬುರಗಿಗಿ ಒಯ್ರಿ’ ಎಂದು ತಾಲೂಕು ದವಾಖಾನೆಯಲ್ಲಿ ಬಾಯಲ್ಲಿ ಹೇಳಿದ್ದನ್ನೇ ಆ ಚೀಟಿ ಇಂಗ್ಲಿಷಿನಲ್ಲಿ ಒಂದು ಸಾಲಿನಲ್ಲಿ ಹೇಳುತ್ತದೆ. ಯಾವ ಕೋಣೆ, ಯಾವ ವಾರ, ಯಾವ ವೈದ್ಯರು, ಹೋದ ಮೇಲೆ ಹಾಸಿಗೆ ಖಾಲಿ ಇದೆಯೋ ಇಲ್ಲವೋ, ಈ ಯಾವುದೂ ಅದರಲ್ಲಿಲ್ಲ. ಅದು ಕಳಿಸುವ ಚೀಟಿ. ಕರೆದವರು ಯಾರೂ ಇಲ್ಲ.

ಕಲಬುರಗಿ ಜಿಲ್ಲೆಯ ಪೂರ್ವದ ತಾಲೂಕುಗಳಿಗೆ, ಅಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ, ಈಚೆಗೆ ತಾಲೂಕಾದ ಕಾಳಗಿ ಮತ್ತು ಶಹಾಬಾದಿಗೆ, ದೊಡ್ಡ ಆಸ್ಪತ್ರೆ ಇಲ್ಲವೆಂದು ಇಂದು ಹೇಳುವಂತಿಲ್ಲ. ಕಲಬುರಗಿಯ ಸೇಡಂ ರಸ್ತೆಯೇ ಒಂದು ಆಸ್ಪತ್ರೆ ಬೀದಿ. 1963ರಲ್ಲಿ ಶುರುವಾದ ಎಂ.ಆರ್. ವೈದ್ಯಕೀಯ ಕಾಲೇಜಿಗೆ ಸೇರಿದ ಬಸವೇಶ್ವರ ಆಸ್ಪತ್ರೆ ಅಲ್ಲಿದೆ. 2013ರಲ್ಲಿ ಬಾಗಿಲು ತೆರೆದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ. ಅದೇ ಹೊತ್ತಿಗೆ ಬಂದ ಇಎಸ್‌ಐಸಿ ವೈದ್ಯಕೀಯ ಕಾಲೇಜಿನ ಅರಮನೆಯಂಥ ಕಟ್ಟಡ ದೂರದಿಂದಲೇ ಕಾಣುತ್ತದೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಅಲ್ಲಿ ಹಾಸಿಗೆಗಳ ಸಂಖ್ಯೆಯನ್ನೂ 371ಕ್ಕೇ ನಿಲ್ಲಿಸಿದ್ದಾರೆ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಊರಲ್ಲಿದೆ. ಇಪ್ಪತ್ತು ವರ್ಷದ ಹಿಂದೆ ಹೃದಯದ ಬ್ಯಾನಿಗೆ ಹೈದರಾಬಾದೇ ಗತಿ ಎಂದಿದ್ದ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ.

ಆದರೂ ಆ ಮುದುಕರು ಬಸ್ಸಿನಿಂದ ಇಳಿದು ನಿಂತಾಗ ಯಾವ ಗೇಟಿನೊಳಗೆ ಹೋಗಬೇಕೆಂದು ತಿಳಿಯದೆ ಆಟೊದವನನ್ನು ಕೇಳುತ್ತಾರೆ. ಆಟೊದವನಿಗೆ ಗೊತ್ತಿರುತ್ತದೆ. ಕೆಲವೊಮ್ಮೆ ಬೇಕಾದುದಕ್ಕಿಂತ ಹೆಚ್ಚೇ ಗೊತ್ತಿರುತ್ತದೆ.

ಈ ಒಂದೇ ರಸ್ತೆಯ ಆಸ್ಪತ್ರೆಗಳಿಗೆ ಯಜಮಾನರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದರೆ ತೊಡಕು ಎಲ್ಲಿದೆಯೆಂದು ಕಾಣುತ್ತದೆ. ಚೀಟಿ ಬರೆದ ತಾಲೂಕು ಆಸ್ಪತ್ರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯದು. ಚೀಟಿ ತಲುಪುವ ಜಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಯದು, ಅದಕ್ಕೆ ತನ್ನದೇ ಆಡಳಿತ ಮಂಡಳಿ, ತನ್ನದೇ ನಿರ್ದೇಶಕರು. ಇಎಸ್‌ಐಸಿ ದೆಹಲಿಯ ಕಾರ್ಮಿಕ ಸಚಿವಾಲಯದಡಿಯ ನಿಗಮ. ಜಯದೇವ, ಕಿದ್ವಾಯಿ ಬೆಂಗಳೂರಿನಲ್ಲಿ ಬೇರುಬಿಟ್ಟ ಸ್ವಾಯತ್ತ ಸಂಸ್ಥೆಗಳು. ಚಿಕಿತ್ಸೆಯ ಬಿಲ್ಲು ಕಟ್ಟುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 108 ಆಂಬುಲೆನ್ಸು ಬಹುಕಾಲ ಹೊರಗುತ್ತಿಗೆಯಲ್ಲಿ ನಡೆದುಬಂದದ್ದು. ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ರೈಲು ಕೇಂದ್ರದ್ದು. ಪ್ರತಿಯೊಂದಕ್ಕೂ ಅಧ್ಯಕ್ಷರಿದ್ದಾರೆ, ಸಭೆಯ ನಡಾವಳಿ ಇದೆ, ಲೆಕ್ಕಪರಿಶೋಧನೆ ಇದೆ. ಸೇಡಮಿನಿಂದ ಕಲಬುರಗಿಗೆ ಐವತ್ತು ಚಿಲ್ಲರೆ ಕಿಲೋಮೀಟರು. ಆ ಐವತ್ತು ಕಿಲೋಮೀಟರಿನಲ್ಲಿ ರೋಗಿ ಯಾರ ಜವಾಬ್ದಾರಿ ಎಂದು ಕೇಳಿದರೆ ಮಾತ್ರ ಯಾವ ಕಡತದಲ್ಲೂ ಉತ್ತರ ಸಿಗುವುದಿಲ್ಲ.

ಸರ್ಕಾರಿ ಆಸ್ಪತ್ರೆಯ ಆಡಳಿತವೆಂದರೆ ಗೋಡೆಯೊಳಗಿನ ಆಡಳಿತ ಎಂದೇ ನಾಡು ತಿಳಿದುಕೊಂಡು ಬಂದಿದೆ. ವೈದ್ಯರು ಬಂದರೇ, ಔಷಧಿ ಇದೆಯೇ, ಲಿಫ್ಟು ನಡೆಯುತ್ತಿದೆಯೇ, ಶೌಚಾಲಯ ತೊಳೆದಿದ್ದಾರೆಯೇ? ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ರೋಗಿಗಳು ಕೈತಪ್ಪುವುದು ಬಹುಮಟ್ಟಿಗೆ ಒಂದು ಗೋಡೆ ಮತ್ತು ಇನ್ನೊಂದು ಗೋಡೆಯ ನಡುವೆ.

ಕಲಬುರಗಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇಶದ ಮೊದಲ ಕೋವಿಡ್ ಸಾವು ಈ ಊರಿನದು. ಸೌದಿಯಿಂದ ಮರಳಿದ್ದ 76 ವರ್ಷದ ಹಿರಿಯರನ್ನು 2020ರ ಮಾರ್ಚ್ ಎರಡನೇ ವಾರ ಕಲಬುರಗಿಯ ಖಾಸಗಿ ಆಸ್ಪತ್ರೆಯಿಂದ ಹೈದರಾಬಾದಿಗೆ ಒಯ್ಯಲಾಯಿತು, ಅಲ್ಲಿಂದ ಮತ್ತೆ ಕಲಬುರಗಿಗೆ ತರಲಾಯಿತು. ಮಾರ್ಚ್ 10ರ ರಾತ್ರಿ ಅವರು ತೀರಿಕೊಂಡದ್ದು ದಾರಿಯಲ್ಲಿ, ಆಂಬುಲೆನ್ಸಿನಲ್ಲಿ. ಅವರಿಗೆ ಯಾವ ರೋಗವಿತ್ತೆಂಬ ವರದಿ ಬಂದದ್ದು ಆಮೇಲೆ. ಆ ದಿನಗಳಲ್ಲಿ ವೈರಸ್ಸಿನ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಮನೆಯವರು ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹೋಗಿ ಮತ್ತೆ ಅಷ್ಟೇ ದೂರ ಹಿಂದಿರುಗಿದ ಆ ಪಯಣದ ಬಗ್ಗೆ ಆದದ್ದು ಕಡಿಮೆ.

ಹೈದರಾಬಾದಿನ ಹಾದಿ ಈ ಜನರಿಗೆ ಹೊಸದಲ್ಲ. 1956ರವರೆಗೆ ಅದೇ ರಾಜಧಾನಿ. ಮೂಸಿ ನದಿಯ 1908ರ ಪ್ರವಾಹದ ನಂತರ ನಿಜಾಮ ಸರ್ಕಾರ ಕಟ್ಟಿಸಿದ ಉಸ್ಮಾನಿಯಾ ಆಸ್ಪತ್ರೆಗೆ ಸೇಡಂ, ಚಿತ್ತಾಪುರದ ಅಜ್ಜಂದಿರು ಹೋಗಿಬಂದ ಕಥೆ ಇನ್ನೂ ಕಟ್ಟೆಯ ಮೇಲೆ ಕೇಳಿಬರುತ್ತದೆ. ಈ ಸೀಮೆಯಲ್ಲಿ ಆಸ್ಪತ್ರೆಗೆ ಇಂದಿಗೂ ದವಾಖಾನೆ ಎನ್ನುವುದು ಅದೇ ಕಾಲದ ಉಳಿಕೆ. 1874ರಲ್ಲಿ ಹಾಕಿದ ರೈಲು ಹಳಿ ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರು, ವಿಕಾರಾಬಾದ್ ಮೂಲಕ ನೇರ ಅಲ್ಲಿಗೇ ಒಯ್ಯುತ್ತದೆ. ರಾಜ್ಯದ ಗಡಿ ಬದಲಾದರೂ ಹಳಿ ಬದಲಾಗಲಿಲ್ಲ. ಚಿಂಚೋಳಿಯ ಕುಂಚಾವರಂ ಕಡೆಯ ತಾಂಡಾಗಳ ಜನರಿಗೆ ಬೆಂಗಳೂರು ಎಂದರೆ ಒಂದಿಡೀ ರಾತ್ರಿಯ ಪ್ರಯಾಣ, ಹೈದರಾಬಾದ್ ಎಂದರೆ ಹೊತ್ತು ಏರುವುದರೊಳಗೆ ತಲುಪುವ ಊರು.

ಆ ಗಡಿ ಒಮ್ಮೆ ಇದ್ದಕ್ಕಿದ್ದಂತೆ ಎದ್ದು ನಿಂತಿತು. 2021ರ ಮೇ ತಿಂಗಳಲ್ಲಿ ತೆಲಂಗಾಣ ಸರ್ಕಾರ ಹೊರರಾಜ್ಯದ ಕೋವಿಡ್ ರೋಗಿಗಳ ಆಂಬುಲೆನ್ಸುಗಳನ್ನು ಗಡಿಯಲ್ಲೇ ತಡೆಯಿತು. ಆಸ್ಪತ್ರೆಯಿಂದ ಮೊದಲೇ ಒಪ್ಪಿಗೆ ಇಲ್ಲದವರು ಒಳಗೆ ಬರುವಂತಿಲ್ಲ ಎಂದಿತು. ಮೇ 14ರಂದು ತೆಲಂಗಾಣ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಇದನ್ನು ಓದಿ ತೆಲಂಗಾಣವನ್ನು ಬಯ್ಯುವ ಮುನ್ನ ಕನ್ನಡಿಗರು ಅದರ ಹಿಂದಿನ ವರ್ಷದ, ಕೇರಳ ಗಡಿಯ ತಲಪಾಡಿಯನ್ನು ನೆನೆಯಬೇಕು. 2020ರ ಮಾರ್ಚಿನಲ್ಲಿ ಕರ್ನಾಟಕವೇ ರಸ್ತೆಗೆ ಮಣ್ಣು ಸುರಿದು ಕಾಸರಗೋಡಿನವರನ್ನು ಮಂಗಳೂರಿನ ಆಸ್ಪತ್ರೆಗಳಿಂದ ದೂರ ಇಟ್ಟಿತ್ತು. ಅವರಲ್ಲಿ ಕನ್ನಡ ಮಾತಾಡುವವರೂ ಇದ್ದರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆದೇಶ ಮಾಡಬೇಕಾಯಿತು, ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ರಾಜ್ಯದ ಒಳಗಿನ ಗಡಿಗಳೂ ಕಡಿಮೆಯವಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತಾಗ, ಮೈಸೂರಿನಿಂದ ಆಮ್ಲಜನಕದ ಸಿಲಿಂಡರು ಬರಬೇಕಿತ್ತೋ ಇಲ್ಲಿಂದ ಹೋಗಿ ತರಬೇಕಿತ್ತೋ ಎಂದು ಎರಡು ಜಿಲ್ಲಾಡಳಿತಗಳು ಪರಸ್ಪರ ಬೆರಳು ತೋರಿಸಿಕೊಂಡವು. ಅಲ್ಲಿಯೂ ಸಾವು ಹೊಕ್ಕಿದ್ದು ನಡುವಿನ ಸಂದಿಯಿಂದಲೇ.

ಈ ಸಂದಿಯ ಬಗ್ಗೆ ಸುಪ್ರೀಂ ಕೋರ್ಟ್ ಮಾತಾಡಿ ಬಹಳ ವರ್ಷವಾಯಿತು. 1992ರಲ್ಲಿ ಬಂಗಾಳದ ಮಥುರಾಪುರದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಒಂದರ ಹಿಂದೆ ಒಂದರಂತೆ ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ವಾಪಸು ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಅವನಿಗೆ ಖರ್ಚಾದದ್ದು ಸುಮಾರು 17,000 ರೂಪಾಯಿ. ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಹೂಡಿದ ಆ ಮೊಕದ್ದಮೆಯಲ್ಲಿ 1996ರ ಮೇ 6ರಂದು ಬಂದ ತೀರ್ಪು 25,000 ರೂಪಾಯಿ ಪರಿಹಾರ ಕೊಡಿಸಿ ಸುಮ್ಮನಾಗಲಿಲ್ಲ. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆಯೆಂದು ತಿಳಿದು ಅಲ್ಲಿಗೇ ರೋಗಿಯನ್ನು ಕಳಿಸುವಂಥ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕು, ಸಾಗಿಸಲು ಸಜ್ಜಾದ ಆಂಬುಲೆನ್ಸ್ ಬೇಕು ಎಂದಿತು. ಎಲ್ಲರ ಕೈಯಲ್ಲೂ ಮೊಬೈಲ್ ಇಲ್ಲದ ಕಾಲದ ಮಾತಿದು. ಈಗ ಚೀಟಿ ಬರೆಯುವ ವೈದ್ಯರ ಜೇಬಿನಲ್ಲೂ ಮೊಬೈಲಿದೆ, ಚೀಟಿ ಪಡೆಯುವವನ ಜೇಬಿನಲ್ಲೂ ಇದೆ.

ತಂತ್ರಜ್ಞಾನ ಸಾಲದು ಎಂಬ ನೆಪವೂ ನಿಲ್ಲುವುದಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ರೋಗಿಗಿಂತ ಮುಂಚೆಯೇ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಹೃದಯಾಘಾತ ಹೌದೆಂದಾದರೆ ದುಬಾರಿ ಚುಚ್ಚುಮದ್ದನ್ನು ತಾಲೂಕಿನಲ್ಲೇ ಪುಕ್ಕಟೆ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ಇಲ್ಲಿ ಕಳಿಸುವವರೂ ಬರಮಾಡಿಕೊಳ್ಳುವವರೂ ಒಂದೇ ದಾರದ ಎರಡು ತುದಿ ಹಿಡಿದಿದ್ದಾರೆ. ಎದೆನೋವಿಗೆ ಆಗುವುದು ಮೂತ್ರಪಿಂಡಕ್ಕೆ, ಗರ್ಭಕೋಶಕ್ಕೆ, ಮುರಿದ ತೊಡೆಯ ಎಲುಬಿಗೆ ಯಾಕೆ ಆಗಬಾರದು ಎಂದು ಸೇಡಮಿನವರು ಕೇಳಿದರೆ ತಪ್ಪೇನಿಲ್ಲ.

ಇನ್ನು ರೊಕ್ಕದ ಮಾತು. 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂದು ಅದರ ಪೂರ್ಣ ಹೆಸರು. ಯೋಜನೆಯ 1,650 ಚಿಕಿತ್ಸೆಗಳಲ್ಲಿ ತುರ್ತಿನವೆಂದು ಗುರುತಿಸಿದ 171ಕ್ಕೆ ರೆಫರ್ ಚೀಟಿ ಬೇಡ. ಉಳಿದಂತೆ ಖಾಸಗಿ ಆಸ್ಪತ್ರೆಯಲ್ಲಿ ದೊಡ್ಡ ಚಿಕಿತ್ಸೆ ಆಗಬೇಕೆಂದರೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕೇಬೇಕು. ಅಂದಮೇಲೆ ಆ ಅರ್ಧ ಹಾಳೆ ಬಡವನ ಪಾಲಿಗೆ 5 ಲಕ್ಷದ ಚೆಕ್ಕು ಇದ್ದಂತೆ. ಅಷ್ಟು ಬೆಲೆಯ ಕಾಗದದಲ್ಲಿ ತಲುಪಬೇಕಾದವರ ಹೆಸರು, ಫೋನ್ ನಂಬರು, ದಿನಾಂಕ ಇಲ್ಲದಿರುವುದು ವಿಚಿತ್ರ.

ಅದಕ್ಕಿಂತ ವಿಚಿತ್ರವಾದ ಒಂದು ಸಂಗತಿ ಯಾರ ಗಮನಕ್ಕೂ ಬಾರದೆ ನಡೆದುಹೋಯಿತು. 2008ರಲ್ಲಿ ಕೇಂದ್ರ ತಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ವಿಮೆ ಕುಟುಂಬಕ್ಕೆ ಬರೀ 30,000 ರೂಪಾಯಿಯದು. ಆದರೆ ಅದರಲ್ಲಿ ಆಸ್ಪತ್ರೆಗೆ ಸೇರಿದ ಪ್ರತಿ ಸಲಕ್ಕೂ 100 ರೂಪಾಯಿಯಂತೆ, ವರ್ಷಕ್ಕೆ 1,000 ಮೀರದಂತೆ, ಪ್ರಯಾಣದ ಖರ್ಚು ಸೇರಿತ್ತು. ಆ ಯೋಜನೆ ಹೋಗಿ 5 ಲಕ್ಷದ್ದು ಬಂದಾಗ ವಿಮೆ ಹದಿನಾರು ಪಟ್ಟಿಗೂ ಮಿಕ್ಕಿ ಹಿಗ್ಗಿತು, ಬಸ್ ಚಾರ್ಜಿನ 100 ರೂಪಾಯಿ ಮಾಯವಾಯಿತು. ಮೇಲೆ ಕೂತು ಲೆಕ್ಕ ಹಾಕುವವರಿಗೆ 100 ರೂಪಾಯಿ ಲೆಕ್ಕಕ್ಕೇ ಬರುವ ಮೊತ್ತವಲ್ಲ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಗಂಡನನ್ನು ಕರೆದುಕೊಂಡು ಹೊರಟ ಹೆಂಗಸಿಗೆ ಅದು ಲೆಕ್ಕ.

ಚಿಕಿತ್ಸೆ ಪುಕ್ಕಟೆ ಎಂದರೆ ಜೀವ ಉಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಪುರಾವೆ ಸಿಕ್ಕಿದ್ದೂ ಉತ್ತರ ಕರ್ನಾಟಕದಲ್ಲೇ. 2010ರ ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಯಾದದ್ದು ಕಲಬುರಗಿ ವಿಭಾಗದಲ್ಲಿ. ಯೋಜನೆ ಬಂದ ಹಳ್ಳಿಗಳನ್ನೂ ಇನ್ನೂ ಬಾರದ ಪಕ್ಕದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡವರು ಸಾಯುವ ಪ್ರಮಾಣ ಅಲ್ಲಿ ಶೇ 64ರಷ್ಟು ಕಡಿಮೆ ಇತ್ತು. ಆಗ ಆಸ್ಪತ್ರೆಗಳೇ ಹಳ್ಳಿಗಾಡಿಗೆ ಬಂದು ಶಿಬಿರ ಹಾಕಿ ರೋಗಿಗಳನ್ನು ಹುಡುಕುತ್ತಿದ್ದವು ಎಂಬುದನ್ನೂ ಮರೆಯಬಾರದು. ಕಾರ್ಡು ಹಂಚಿ, ನೀವೇ ಬನ್ನಿ ಎಂದು ಕೂತಿದ್ದರೆ ಇಷ್ಟು ಫಲ ಸಿಗುತ್ತಿತ್ತೇ?

ವಾಡಿಯಲ್ಲಿ ನಿಂತು ನೋಡಿದರೆ ಈ ದೇಶ ಯಾರ ಪಯಣಕ್ಕೆ ಹಣ ಕೊಡುತ್ತದೆ, ಯಾರದಕ್ಕೆ ಕೊಡುವುದಿಲ್ಲ ಎಂಬುದು ಒಂದೇ ಊರಿನಲ್ಲಿ ಕಾಣಸಿಗುತ್ತದೆ. ಜಂಕ್ಷನ್ನಿನ ರೈಲ್ವೆ ನೌಕರನಿಗೆ ಚಿಕಿತ್ಸೆಗೆ ಹೋಗಲು ವಿಶೇಷ ಪಾಸು ಇದೆ. ಸಿಮೆಂಟ್ ಕಾರ್ಖಾನೆಯ ಕಾರ್ಮಿಕನ ಸಂಬಳ 21,000 ರೂಪಾಯಿಯ ಮಿತಿಯೊಳಗಿದ್ದು ಇಎಸ್‌ಐ ಚೀಟಿ ಇದ್ದರೆ, ಅವನು ಮಲಗಿದ ದಿನಗಳಿಗೂ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಅದೇ ಊರ ಅಂಚಿನ ಪರ್ಸಿ ಗಣಿಯಲ್ಲಿ ದಿನಗೂಲಿಗೆ ಕಲ್ಲು ಎಬ್ಬಿಸುವವನಿಗೆ ಪಾಸೂ ಇಲ್ಲ, ಶೇ 70ರ ಮಾತೂ ಇಲ್ಲ. ಮೂವರಿಗೂ ಒಂದೇ ದೂಳು, ಒಂದೇ ಪ್ಲಾಟ್‌ಫಾರ್ಮು.

ಕಾನೂನಿನಲ್ಲಿ ಸೌಲಭ್ಯಗಳು ಇಲ್ಲವೇ ಇಲ್ಲ ಎಂದಲ್ಲ. ಕೋವಿಡ್ ಹೊತ್ತಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿಯನ್ನು ಕಿತ್ತುಕೊಂಡ ರೈಲ್ವೆ, 11 ಬಗೆಯ ರೋಗಿಗಳ ರಿಯಾಯಿತಿಯನ್ನು ಉಳಿಸಿಕೊಂಡಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಬೋಗಿಯಲ್ಲಿ ಟಿಕೆಟ್ಟೇ ಪುಕ್ಕಟೆ, ಜೊತೆಗಾರರಿಗೆ ಮುಕ್ಕಾಲು ಪಾಲು ಮಾಫಿ. ಡಯಾಲಿಸಿಸ್‌ಗೆ ಹೋಗುವವರಿಗೂ ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಇದೆ. ಬೇಕಿರುವುದು ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಸಹಿ ಇರುವ ಒಂದು ಪ್ರಮಾಣಪತ್ರ. ಅದನ್ನು ರೆಫರ್ ಚೀಟಿಯ ಜೊತೆಗೇ ಪಿನ್ನು ಹೊಡೆದು ಕೊಟ್ಟರೆ ಸರ್ಕಾರಕ್ಕೆ ತಗಲುವ ಖರ್ಚು ಒಂದು ಹಾಳೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆದದ್ದು ಬಡವರ ಆಸ್ಪತ್ರೆ ಪ್ರಯಾಣಕ್ಕೆ ಸಿಕ್ಕ ದೊಡ್ಡ ನೆರವು, ಆ ಉದ್ದೇಶಕ್ಕೆಂದು ಯಾರೂ ಅದನ್ನು ತಂದಿರದಿದ್ದರೂ. ಗಂಡಸು ರೋಗಿಯಾದರೆ ಮಾತ್ರ ಪಕ್ಕದಲ್ಲಿ ಕೂತ ಹೆಂಡತಿಗೆ ಸೊನ್ನೆ ಟಿಕೆಟ್ಟು, ನರಳುವ ಅವನಿಗೆ ಪೂರಾ ಟಿಕೆಟ್ಟು. ಹೈದರಾಬಾದಿನ ಬಸ್ಸಿಗೆ ಇಬ್ಬರಿಗೂ ಪೂರಾ.

ತಾಯಂದಿರ ವಿಷಯದಲ್ಲಿ ಸರ್ಕಾರ ಈ ಗಂಟನ್ನು ಎಂದೋ ಬಿಚ್ಚಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಬಸುರಿಯನ್ನು ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಮೇಲಿನ ಆಸ್ಪತ್ರೆಗೆ, ಹೆರಿಗೆಯ ನಂತರ ಮತ್ತೆ ಮನೆಗೆ ಪುಕ್ಕಟೆ ಕರೆದೊಯ್ಯುವುದು ಸರ್ಕಾರದ ಹೊಣೆ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಊಟವೂ ಸೇರಿದೆ. ಬಾಣಂತಿಯನ್ನು ಮನೆಗೆ ಬಿಡುವ ‘ನಗು-ಮಗು’ ವಾಹನ ಹಳ್ಳಿಯವರಿಗೆಲ್ಲ ಗೊತ್ತು. ದಾರಿಯೂ ಚಿಕಿತ್ಸೆಯ ಭಾಗವೆಂದು ಇಲ್ಲಿ ಒಪ್ಪಿಕೊಂಡಾಗಿದೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಅಲೆಯುವ ಮಗಳಿಗೆ, ಐದು ವಾರ ವಿಕಿರಣ ಚಿಕಿತ್ಸೆ ಆಗಬೇಕಾದ ತಾಯಿಗೆ ಅದೇ ನಿಯಮವನ್ನು ಚಾಚುವುದಕ್ಕೆ ಹೊಸ ತತ್ತ್ವವೇನೂ ಬೇಕಾಗಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದ 50 ಕಿಲೋಮೀಟರಿಗಿಂತ ದೂರ ಹೋಗಿ ತಜ್ಞರನ್ನು ಕಾಣಬೇಕಾದವರಿಗೆ ಪ್ರಯಾಣಕ್ಕೂ ಉಳಿದುಕೊಳ್ಳಲೂ ಸಹಾಯಧನವಿದೆ. ಅರ್ಜಿ ನೋಡುವುದು ರೋಗಿಯ ಊರಿನ ಆಸ್ಪತ್ರೆಯೇ. ಅದು ಸಿರಿವಂತ ದೇಶ, ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಹೋಲಿಸಬೇಕಾದದ್ದು ಮೊತ್ತವನ್ನಲ್ಲ, ಅಳತೆಗೋಲನ್ನು. ದೂರವನ್ನೇ ಅರ್ಹತೆಯಾಗಿ ಇಟ್ಟರೆ ಸೇಡಮೂ ಚಿಂಚೋಳಿಯೂ ತಾವಾಗಿ ಒಳಗೆ ಬರುತ್ತವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಚಿತ್ತಾಪುರದ ಜೊತೆಗೆ ಇವೆರಡೂ ಇದ್ದವು. ಹಿಂದುಳಿದಿರುವಿಕೆಗೆ ದುಡ್ಡು ಬರುತ್ತಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್ಟುಗಳು ವರ್ಷಕ್ಕೆ 5,000 ಕೋಟಿ ಘೋಷಿಸಿವೆ. ಆ ದುಡ್ಡು ಕಟ್ಟಡವಾಗಿ ಎದ್ದು ನಿಂತರೆ ರಿಬ್ಬನ್ ಕತ್ತರಿಸಬಹುದು. ಬಸ್ ಚಾರ್ಜಿಗೆ ರಿಬ್ಬನ್ ಕಟ್ಟಲು ಬರುವುದಿಲ್ಲವಲ್ಲ.

ರಾಯಚೂರಿನಲ್ಲಿ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಯೂ ಎದ್ದಿರಲಿಲ್ಲ. ಅವರ ಬೇಡಿಕೆ ನ್ಯಾಯದ್ದು. ಆದರೆ ಏಮ್ಸ್ ಬಂದ ಮಾರನೇ ದಿನ ಲಿಂಗಸೂಗೂರಿನ ರೋಗಿಯ ಕೈಯಲ್ಲಿ ಇದೇ ಅರ್ಧ ಹಾಳೆಯ ಚೀಟಿ ಇದ್ದರೆ, ದೊಡ್ಡ ಆಸ್ಪತ್ರೆಯ ಮುಂದೆ ಉದ್ದದ ಸಾಲು ಒಂದು ಹೆಚ್ಚಾಗುತ್ತದೆ, ಅಷ್ಟೇ.

ಹಾಗಾದರೆ ಇದನ್ನು ನೋಡಿಕೊಳ್ಳಬೇಕಾದವರು ಯಾರು? ಹೊಸ ಪ್ರಾಧಿಕಾರ ಕಟ್ಟುವ ಮೊದಲು ಇರುವ ಸಮಿತಿಯನ್ನು ಎಬ್ಬಿಸಬಹುದು. ಪ್ರತಿ ಸರ್ಕಾರಿ ಆಸ್ಪತ್ರೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ. ಈ ಕಲ್ಪನೆ ಹುಟ್ಟಿದ್ದು ಇಂದೋರಿನ ಮಹಾರಾಜ ಯಶವಂತರಾವ್ ಆಸ್ಪತ್ರೆಯಲ್ಲಿ. 1994ರಲ್ಲಿ ಸೂರತ್‌ನ ಪ್ಲೇಗು ಸುದ್ದಿಯಾದಾಗ ಆ ದೊಡ್ಡ ಆಸ್ಪತ್ರೆ ಇಲಿಗಳ ಬೀಡಾಗಿತ್ತು. ರೋಗಿಗಳನ್ನೆಲ್ಲ ಹೊರಗೆ ಸಾಗಿಸಿ, ಇಲಿ ಕೊಂದು, ತೊಳೆದು ಬಳಿದ ಮೇಲೆ, ಅದು ಮತ್ತೆ ಹಾಳಾಗದಂತೆ ನೋಡಿಕೊಳ್ಳಲು ಅಧಿಕಾರಿಗಳು, ಜನಪ್ರತಿನಿಧಿಗಳು, ಊರಿನವರು ಸೇರಿ ರೋಗಿ ಕಲ್ಯಾಣ ಸಮಿತಿ ಮಾಡಿಕೊಂಡರು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ಜಿಲ್ಲಾ ಆಸ್ಪತ್ರೆಯ ಸಮಿತಿಗೆ ವರ್ಷಕ್ಕೆ 5 ಲಕ್ಷ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಮಿತಿಗೆ 1 ಲಕ್ಷ ಎಂದು ಆಗ ಇಟ್ಟ ಅನುದಾನವನ್ನು ಅಲ್ಲಿನ ಅಗತ್ಯ ನೋಡಿ ಅವರೇ ಖರ್ಚು ಮಾಡಬಹುದಿತ್ತು. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಈ ಸಮಿತಿಗೆ ಶಾಸಕರೇ ಅಧ್ಯಕ್ಷರು.

ಈ ಭಾಗದಲ್ಲಿ ಆ ಕುರ್ಚಿ ಬಲಹೀನವಾದುದಲ್ಲ. ಸೇಡಂ ಶಾಸಕ ಡಾ. ಶರಣಪ್ರಕಾಶ ಪಾಟೀಲ 2013ರಲ್ಲೂ 2023ರಲ್ಲೂ ವೈದ್ಯಕೀಯ ಶಿಕ್ಷಣ ಸಚಿವರಾದವರು, ಸ್ವತಃ ವೈದ್ಯರು. ಚಿತ್ತಾಪುರದ ಪ್ರಿಯಾಂಕ್ ಖರ್ಗೆ 2023ರಲ್ಲಿ ಜಿಲ್ಲಾ ಉಸ್ತುವಾರಿ ಹೊತ್ತ ಸಚಿವರು. ಇಎಸ್‌ಐಸಿಯ ಆ ದೊಡ್ಡ ಕಟ್ಟಡ ಕಲಬುರಗಿಗೆ ಬಂದದ್ದು ಮಲ್ಲಿಕಾರ್ಜುನ ಖರ್ಗೆ ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದ ಕಾಲದಲ್ಲಿ. ಚೀಟಿ ಹೊರಡುವ ಆಸ್ಪತ್ರೆಯ ಸಮಿತಿಯೂ ಚೀಟಿ ತಲುಪುವ ಕಾಲೇಜಿನ ಇಲಾಖೆಯೂ ಒಬ್ಬರ ಮೇಜಿನ ಮೇಲೇ ಸೇರುವುದು ಎಲ್ಲ ತಾಲೂಕಿನ ಹಣೆಯಲ್ಲಿ ಬರೆದಿರುವುದಿಲ್ಲ. ಸಮಿತಿಯ ಸಭೆ ಎಂದು ನಡೆಯಿತು, ಎಷ್ಟು ಜನರನ್ನು ಎಲ್ಲಿಗೆ ಕಳಿಸಲಾಯಿತು, ಅವರಲ್ಲಿ ಎಷ್ಟು ಜನ ನಿಜಕ್ಕೂ ತಲುಪಿ ದಾಖಲಾದರು ಎಂದು ಆಸ್ಪತ್ರೆಯ ಬಾಗಿಲಲ್ಲಿ ಬರೆದು ಹಾಕಲು ಒಂದು ಕರಿಹಲಗೆ ಸಾಕು. ಎಷ್ಟು ಜನ ತಲುಪಲಿಲ್ಲ ಎಂಬ ಸಂಖ್ಯೆ ಒಮ್ಮೆ ಗೋಡೆಯ ಮೇಲೆ ಬಂದರೆ, ಅವರು ಏನಾದರೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಸೇಡಂ ರಸ್ತೆಯ ಈ ಆಸ್ಪತ್ರೆಗಳೆಲ್ಲ ಸೇರಿ ಒಂದೇ ಒಂದು ಸಹಾಯ ಕಟ್ಟೆ ಇಡಬಹುದು. ಆರೋಗ್ಯ ಯೋಜನೆಯ ಕಾಗದ ನೋಡಲು ಆರೋಗ್ಯ ಮಿತ್ರರು ಈಗಲೂ ಆಸ್ಪತ್ರೆಗಳಲ್ಲಿದ್ದಾರೆ. ಅವರು ಕಾಯುವುದು ಕೌಂಟರನ್ನು. ಗೇಟಿನಲ್ಲಿ ನಿಂತು, ‘ಎಲ್ಲಿಂದ ಬಂದ್ರಿ ಕಾಕಾ, ಚೀಟಿ ತೋರಸ್ರಿ’ ಎನ್ನುವ, ಕನ್ನಡ, ಉರ್ದು, ಲಂಬಾಣಿ ಮೂರೂ ಬಲ್ಲ, ಎದೆಯ ಮೇಲೆ ಹೆಸರಿನ ಪಟ್ಟಿ ಇರುವ ಮನುಷ್ಯರು ಬೇಕು. ಹೆಸರಿನ ಪಟ್ಟಿಯ ಮಾತು ತಮಾಷೆಯದಲ್ಲ. 2024ರ ನವೆಂಬರಿನಲ್ಲಿ ಜಿಮ್ಸ್‌ನಿಂದ ನವಜಾತ ಶಿಶುವೊಂದನ್ನು ಕದ್ದ ಹೆಂಗಸರು ನರ್ಸುಗಳ ವೇಷದಲ್ಲಿ ಬಂದಿದ್ದರು. ಪೊಲೀಸರು ಕೂಸನ್ನು ಬೇಗನೆ ಪತ್ತೆಹಚ್ಚಿ ತಾಯಿಯ ಮಡಿಲಿಗೆ ಹಾಕಿದರು. ಅಲ್ಲಿ ಯಾರು ಸಿಬ್ಬಂದಿ, ಯಾರು ಹೊರಗಿನವರು ಎಂದು ತಿಳಿಯುವ ದಾರಿ ಹಳ್ಳಿಯಿಂದ ಬಂದವರಿಗೆ ಇರುವುದಿಲ್ಲ. ಬಿಳಿ ಬಟ್ಟೆ ಹಾಕಿದವರೆಲ್ಲ ಅವರಿಗೆ ‘ಸಿಸ್ಟರ್’, ದನಿ ಏರಿಸಿದವರೆಲ್ಲ ‘ಸಾಹೇಬ್ರು’.

ರಾತ್ರಿ ಎಲ್ಲಿ ಮಲಗುವುದೆಂಬುದು ಇನ್ನೊಂದು ಪಾಡು. ಒಳಗೆ ಮಲಗಿದ ರೋಗಿಗೆ ಹಾಸಿಗೆ ಇರುತ್ತದೆ, ಜೊತೆಗೆ ಬಂದವರಿಗೆ ವರಾಂಡದ ನೆಲ, ಮಾರ್ಚ್ ಕಳೆದರೆ ಅಂಗಳದ ಬೇವಿನ ಮರ. ಬೆಂಗಳೂರಿನ ಕಿದ್ವಾಯಿ ಆವರಣದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆ ಇದೆ. ಸಿಮೆಂಟಿನ ಮೇಲೆಯೇ ನಿಂತ ಈ ಜಿಲ್ಲೆಯಲ್ಲಿ, ಇಲ್ಲಿಯ ಸುಣ್ಣದ ಕಲ್ಲು ಅರೆದು ಲಾಭ ಮಾಡಿದ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿಯಿಂದ ಇನ್ನೂರು ಜನ ಮಲಗುವ ಒಂದು ಮಾಡು ಏಳುವುದು ಅಸಾಧ್ಯವೆಂದು ಯಾರು ನಂಬುತ್ತಾರೆ? ಊಟದ ವಿಷಯದಲ್ಲಿ ಕಲಬುರಗಿ ಬಡವಾಗಿಲ್ಲ. ಶರಣಬಸವೇಶ್ವರರ ದಾಸೋಹದ ಊರಿದು, ಬಂದೇ ನವಾಜರ ದರ್ಗಾದ ಲಂಗರು ನಡೆದ ಊರಿದು. ಹಸಿದು ಬಂದವರಿಗೆ ಇಲ್ಲ ಎನ್ನುವುದು ಇಲ್ಲಿಯವರಿಗೆ ಒಗ್ಗದು. ಆದರೆ ದಾಸೋಹದ ತಟ್ಟೆ ಹಿಡಿದು ಕೂತ ಅದೇ ಮನುಷ್ಯ ಆಸ್ಪತ್ರೆಯ ಗೇಟಿನಲ್ಲಿ ಕೈಚಾಚುವುದಕ್ಕೆ ಹಿಂಜರಿಯುತ್ತಾನೆ. ಮಠದಲ್ಲಿ ಅವನು ಅತಿಥಿ, ಇಲ್ಲಿ ಬೇಡುವವನು. ಅವನ ಊಟದ ಕೂಪನ್ನು ಚೀಟಿಯ ಜೊತೆಗೇ ಬಂದರೆ ಆ ಹಿಂಜರಿಕೆ ಇರುವುದಿಲ್ಲ.

ಹೋಗುವ ದಾರಿಯಷ್ಟೇ ಬರುವ ದಾರಿಯೂ ಅನಾಥ. ಶಸ್ತ್ರಚಿಕಿತ್ಸೆ ಮುಗಿದು, ಹೊಲಿಗೆ ಬಿಚ್ಚಲು ಎಂಟು ದಿನಕ್ಕೆ ಬನ್ನಿ ಎಂದು ಬರೆದುಕೊಟ್ಟರೆ, ಆ ಎರಡು ನಿಮಿಷದ ಕೆಲಸಕ್ಕೆ ಮತ್ತೆ ಒಂದು ದಿನದ ಕೂಲಿ, ಎರಡು ಟಿಕೆಟ್ಟು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊಲಿಗೆ ಬಿಚ್ಚುವ ಕೈಗಳಿವೆ. ಒಳಗೆ ಏನಾಗಿದೆಯೆಂಬ ಕಾಗದ ಮಾತ್ರ ಅವರಿಗೆ ತಲುಪಿರುವುದಿಲ್ಲ. ಕಳಿಸಿದ ವೈದ್ಯರಿಗೂ ತಾವು ಕಳಿಸಿದವರು ಬದುಕಿದರೋ ಇಲ್ಲವೋ ಎಂದು ತಿಳಿಯುವುದು ಸಂತೆಯಲ್ಲಿ ಯಾರಾದರೂ ಸಿಕ್ಕು ಹೇಳಿದರೆ. ದೊಡ್ಡ ಆಸ್ಪತ್ರೆಯವರು ಬಿಡುಗಡೆಯ ದಿನ ಬರೆಯುವ ಡಿಸ್‌ಚಾರ್ಜ್ ಕಾರ್ಡಿನ ಒಂದು ಪ್ರತಿ ಚೀಟಿ ಬರೆದವರಿಗೆ ಮರಳಿ ಹೋಗಬೇಕೆಂಬ ನಿಯಮವಾದರೆ, ದಾರದ ಆ ತುದಿಯೂ ಯಾರದೋ ಕೈಯಲ್ಲಿ ಇರುತ್ತದೆ.

ಸದ್ಯಕ್ಕೆ ಆ ಕಾರ್ಡು ಕ್ಯಾರಿಬ್ಯಾಗಿನ ತಳದಲ್ಲಿ, ರೊಟ್ಟಿ ಕಟ್ಟಿ ತಂದಿದ್ದ ಖಾಲಿ ದಸ್ತಿಯ ಕೆಳಗೆ, ಸಂಜೆಯ ಬಸ್ಸಿನಲ್ಲಿ ತೆಂಗಳಿಗೆ ವಾಪಸು ಬರುತ್ತದೆ. ಗುಳಿಗೆ ಊಟದ ಮೊದಲೋ ಆಮೇಲೋ ಎಂದು ತಿಳಿಯಬೇಕಾದಾಗ ಮುದುಕರು ಅದನ್ನು ಹಿಡಿದು ಹುಡುಕಿಕೊಂಡು ಹೋಗುವುದು ಮೆಡಿಕಲ್ ಶಾಪಿನಲ್ಲಿ ಕೂರುವ ಹುಡುಗನನ್ನು. ಅವನು ಪಿಯುಸಿವರೆಗೆ ಓದಿದ್ದಾನೆ, ಇಂಗ್ಲಿಷ್ ಕೂಡಿಸಿ ಓದಬಲ್ಲ.